ಶಾಲೆ ಸರ್ಕಲ್ಲಿನ ಕೆಂಪು ದೀಪ

ನನ್ನಾಕೆ ತೀರಿಹೋದ ಸುದ್ದಿ ಬಂದಾಗ ನಾನು ಒಂದು ಬಿಳಿ ಅಂಗಿಗೆ ಕಾಲರು ಕೂಡಿಸುತ್ತಿದ್ದೆ. ಶಾಲೆಗಳು ಆಗಷ್ಟೇ ತೆರೆದಿದ್ದವು. ನಮ್ಮದು ಸಮವಸ್ತ್ರ ಹೊಲಿಯುವ ಅಂಗಡಿ. ಆ ತಿಂಗಳು ನಮಗೆ ಉಣ್ಣಲು ಹೊತ್ತು ಸಿಗುವುದಿಲ್ಲ, ಉಳಿದ ತಿಂಗಳು ಉಣ್ಣುವುದು ಆ ತಿಂಗಳಿನಿಂದಲೇ. ಆಕೆ ಕಾಜಾ ಹಾಕಿ ಗುಂಡಿ ಹಚ್ಚಿದ ಅಂಗಿಗಳ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ಶಾಲೆಗೆ ಕೊಟ್ಟು ಬರಲು ಹೋಗಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅಡಿವೆಪ್ಪ ಅಂಗಡಿಯ ಬಾಗಿಲಿಗೆ ಬಂದು ನಿಂತ. ಅವನು ಶಾಲೆಯ ವ್ಯಾನು ಓಡಿಸುವವನು, ನಮ್ಮ ಓಣಿಯವನು, ಚಿಕ್ಕಂದಿನಲ್ಲಿ ನಮ್ಮ ಮನೆಯ ತಿಂಡಿಯ ಡಬ್ಬಿಗೆ ಕೈಹಾಕಿ ಬೆಳೆದವನು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಕಾಕಾ, ಮಿಷನ್ ನಿಂದರ್ಸ್ರಿ,” ಎಂದ.

“ಕಾಲರು ಮುಗೀಲಿ ತಡಿ. ಏನಾತು?”

“ಚಿಗವ್ವ ರಸ್ತಾ ದಾಟಾಕತ್ತಿದ್ರು. ದೀಪ ಕೆಂಪಿತ್ತು. ನಾ ನಿಂದರಲಿಲ್ಲ.”

ನಾನು ಕಾಲರನ್ನು ಕೊನೆಯತನಕ ಹೊಲಿದು ದಾರ ಕತ್ತರಿಸಿದೆ. ಕೈಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಆಮೇಲೆ ಎದ್ದು ಅವನ ಜೊತೆ ನಡೆದೆ. ಆಕೆಯ ಹಣೆಗೆ ವಿಭೂತಿ ಹಚ್ಚುವವರು, ಕಿವಿಯಲ್ಲಿ ಶಿವಮಂತ್ರ ಹೇಳುವವರು ಯಾರೂ ಇಲ್ಲದೆ ರಸ್ತೆಯ ನಡುವೆ ಪ್ರಾಣ ಹೋಗಿತ್ತು. ಸುತ್ತಲೂ ಅಂಗಿಗಳು ಬಿದ್ದಿದ್ದವು. ಯಾರೋ ಪುಣ್ಯಾತ್ಮರು ಅವನ್ನು ಮಡಿಸಿ ಬದಿಗಿಟ್ಟರು.

ಏಕೆ ನಿಲ್ಲಲಿಲ್ಲ ಎಂದು ನಾನು ಅಡಿವೆಪ್ಪನನ್ನು ಕೇಳಲಿಲ್ಲ. ನಮ್ಮ ಊರಿನಲ್ಲಿ ಆ ಪ್ರಶ್ನೆ ಕೇಳುವ ರೂಢಿಯಿಲ್ಲ. ಶಾಲೆ ಸರ್ಕಲ್ಲಿನಲ್ಲಿ ಯಾರಾದರೂ ನಿಂತರೆ, ಏಕೆ ನಿಂತರು ಎಂದು ಕೇಳುತ್ತಾರೆ. ಪೊಲೀಸ್ ಸಾಹೇಬರು ಕಾಗದ ತೆಗೆದು ಕೂತಾಗಲೂ ಅದೊಂದನ್ನು ಕೇಳದೆ, “ಬ್ರೇಕು ಹಿಡಿಯಲಿಲ್ಲ” ಎಂದು ತಾವೇ ಬರೆದುಕೊಂಡರು. ಅವರ ಜೀಪಿನ ಬ್ರೇಕು ಸಹ ಆ ಒಂದು ಜಾಗದಲ್ಲಿ ಹಿಡಿಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಆ ಸರ್ಕಲ್ಲಿನಲ್ಲಿ ಕೆಂಪು ದೀಪಕ್ಕೆ ಗಾಡಿ ನಿಲ್ಲಿಸಿದರೆ, ಗಾಡಿಯಲ್ಲಿದ್ದವರ ಕಡೆಯ ತೀರಿಹೋದವರು ಒಬ್ಬರೋ ಇಬ್ಬರೋ ಬಂದು ಕೂಡುತ್ತಾರೆ. ಸ್ಕೂಟರಾದರೆ ಹಿಂದಿನ ಸೀಟಿನಲ್ಲಿ, ಕಾರಾದರೆ ಎಲ್ಲಿ ಜಾಗವಿದೆಯೋ ಅಲ್ಲಿ. ಹಸಿರು ಬೀಳುವವರೆಗೆ ಮಾತಾಡುತ್ತಾರೆ. ಹಸಿರು ಬಿತ್ತೆಂದರೆ ಇಲ್ಲ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ದೆವ್ವಗಳಾಗಿದ್ದರೆ ಒಂದು ತಾಯತ ಕಟ್ಟಿಸಿ ನಿಶ್ಚಿಂತೆಯಿಂದ ಇರಬಹುದಿತ್ತು. ಇವರು ಮನೆಯವರು, ಪ್ರಶ್ನೆ ಕೇಳುತ್ತಾರೆ. ನಾನು ನೆಟ್ಟ ಬೇವಿನ ಗಿಡ ಯಾಕೆ ಕಡಿಸಿದೆ, ನನ್ನ ತಿಥಿಗೆ ಹೋಟೆಲಿನ ಹೋಳಿಗೆ ಯಾಕೆ ತರಿಸಿದೆ, ದೊಡ್ಡಪ್ಪನ ಸಂಗಡ ಮಾತು ಬಿಟ್ಟೆಯಂತೆ ಹೌದೇ. ಸತ್ತವರನ್ನು ಕಂಡರೆ ನಮ್ಮ ಜನ ತಡೆದುಕೊಂಡಾರು, ಸತ್ತವರು ಕೇಳುವುದನ್ನು ತಡೆದುಕೊಳ್ಳಲಾರರು. ಅದಕ್ಕೆ ದೀಪ ಕೆಂಪಾಗುವುದು ಕಂಡರೆ ವೇಗ ಹೆಚ್ಚಿಸುತ್ತಾರೆ.

ಸಂಭಾವಿತರು ಬೇರೆ ಉಪಾಯ ಕಂಡುಕೊಂಡಿದ್ದರು. ಕೆಂಪು ಬಿದ್ದರೆ ಗಾಡಿಯಿಂದ ಇಳಿದು ತಳ್ಳಿಕೊಂಡು ದಾಟುವುದು. ತಳ್ಳುವವನು ಪಾದಚಾರಿ, ಪಾದಚಾರಿಯ ಹತ್ತಿರ ಯಾರೂ ಬರುವುದಿಲ್ಲ. ಬ್ಯಾಂಕಿನ ಮ್ಯಾನೇಜರರು ಒಮ್ಮೆ ಕೋಟು ಹಾಕಿಕೊಂಡು ಕಾರನ್ನೇ ತಳ್ಳುತ್ತ ಹೋದದ್ದನ್ನು ನಾನು ಅಂಗಡಿಯಿಂದ ನೋಡಿದ್ದೇನೆ. ಸಿಟಿ ಬಸ್ಸಂತೂ ಅಲ್ಲಿ ನಿಂತದ್ದು ಒಂದೇ ಸಲ; ಹೊಸ ಡ್ರೈವರು, ಪರ ಊರಿನವನು. ಬಸ್ಸು ಒಂದು ಕ್ಷಣದಲ್ಲಿ ಮದುವೆ ಮನೆಯಂತಾಯಿತು. ಹಿರಿಯರಿಗೆ ಸೀಟು ಬಿಡಿರೆಂದು ಕಂಡಕ್ಟರು ಕೂಗಿದರೆ, ಏಳಬೇಕಾದವರು ಯಾರು ಕೂಡಬೇಕಾದವರು ಯಾರು ಎಂಬುದೇ ತಿಳಿಯದೆ ಜಗಳ ಹತ್ತಿತು. ಮರುದಿನದಿಂದ ಆ ಡ್ರೈವರನೂ ಊರಿನವನಾದ.

ಇದರ ನಡುವೆ ಮಕ್ಕಳು ಶಾಲೆಗೆ ಹೋಗಬೇಕು. ದೀಪ ಕೆಂಪಾಯಿತೆಂದು ನಂಬಿ ರಸ್ತೆಗಿಳಿದರೆ ಗಾಡಿಗಳು ಮೈಮೇಲೆ ಬರುತ್ತಿದ್ದವು. ಹಸಿರಾದಾಗ ದಾಟುವುದೇ ಕ್ಷೇಮವೆಂದು ಮಕ್ಕಳು ಕಲಿತಿದ್ದರು, ಏಕೆಂದರೆ ಹಸಿರಿನಲ್ಲಿ ಯಾರಿಗೂ ಅವಸರವಿರುತ್ತಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ ದೊಡ್ಡ ಬಾಯಿಯವರು ದೂರು ಕೊಟ್ಟಾಗ ನಗರಸಭೆಯವರು ಸಭೆ ಸೇರಿ, ಜನರಿಗೆ ತಿಳಿವಳಿಕೆ ಬರಲೆಂದು ಒಂದು ಫಲಕ ನೆಡಿಸಿದರು: ಹಿರಿಯರನ್ನು ಗೌರವಿಸಿ, ಕೆಂಪಿಗೆ ನಿಲ್ಲಿ. ಸಭೆಗೆ ಬಂದ ಸದಸ್ಯರೆಲ್ಲರೂ ಕೆರೆಯ ಕಡೆಯಿಂದ ಸುತ್ತುಹಾಕಿ ಬಂದಿದ್ದರು.

ನನ್ನಾಕೆ ಮಾತ್ರ ಆ ದೀಪವನ್ನು ನಂಬುತ್ತಿದ್ದಳು. “ಕೆಂಪಿದ್ರ ನಿಲ್ಲಬೇಕಂತ ಬರದಾರಲ್ರೀ, ನಿಲ್ತಾರ,” ಎನ್ನುತ್ತಿದ್ದಳು.

ಶಿವಗಣಾರಾಧನೆ ಮುಗಿದು ಬೀಗರು ಬಿಜ್ಜರು ಹೊರಟುಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ ಉಳಿದೆ. ಲಿಂಗಪೂಜೆ ಮಾಡಿಕೊಂಡು ಒಂದು ಬೆಳಗ್ಗೆ ಮೊಪೆಡ್ಡನ್ನು ಹೊರಗೆ ತೆಗೆದೆ. ಹಿಂದಿನ ಸೀಟನ್ನು ಒರೆಸಿ ಒಂದು ಕೌದಿಯ ತುಂಡು ಮಡಿಸಿ ಹಾಸಿದೆ. ಆಕೆಗೆ ಸೊಂಟ ನೋವು. ನನ್ನ ಆಸೆ ದೊಡ್ಡದಲ್ಲ. ಆಕೆಯ ಕೊನೆ ಉಸಿರಿನ ಹೊತ್ತಿಗೆ ಮಂತ್ರವಿಲ್ಲ, ವಿಭೂತಿಯಿಲ್ಲ. ಜೀವ ಎಲ್ಲಿಗೆ ಮುಟ್ಟಿತು, ಮುಟ್ಟಿತೋ ಇಲ್ಲವೋ, ಅದೊಂದನ್ನು ಆಕೆಯ ಬಾಯಿಂದ ಕೇಳಬೇಕಾಗಿತ್ತು. ಸರ್ಕಲ್ಲಿಗೆ ಬಂದೆ. ಕೆಂಪು ಬಿತ್ತು. ನಿಂತೆ.

ಹಿಂದೆ ಭಾರ ಬಿದ್ದು ಮೊಪೆಡ್ಡು ಸ್ವಲ್ಪ ಕೆಳಕ್ಕೆ ಜಗ್ಗಿತು.

“ಗುರುಪಾದಾ, ಈ ಕಾಜಾ ಯಾರ್ ಹಾಕ್ಯಾರ?” ಎಂದು ಒಂದು ಕೈ ನನ್ನ ತೋಳಿನ ಗುಂಡಿಯನ್ನು ಹಿಡಿದೆಳೆಯಿತು.

ಬಂದವರು ನನ್ನ ಉಸ್ತಾದ್ ದಾವಲಸಾಬರು. ನನಗೆ ಕತ್ತರಿ ಹಿಡಿಯಲು ಕಲಿಸಿದವರು. ಅವರು ತೀರಿಕೊಂಡಾಗ ನನ್ನ ಮೀಸೆ ಕಪ್ಪಗಿತ್ತು.

“ನಾನ ಹಾಕೀನ್ರಿ ಉಸ್ತಾದ್. ಆಕಿ ಇಲ್ಲಲ್ರಿ ಈಗ.”

“ಹಾಕಿದಿ ಅಂತ ಹೇಳಬ್ಯಾಡ. ಇಲಿ ಕಡದಂಗ ಐತಿ.”

ಇಷ್ಟರಲ್ಲಿ ನನ್ನ ಹಿಂದೆ ಹಾರನ್ನುಗಳು ಶುರುವಾಗಿದ್ದವು. ಆ ರಸ್ತೆ ಕಿರಿದು. ಮುಂದಿನವನು ನಿಂತರೆ ಹಿಂದಿನವರೂ ನಿಲ್ಲಲೇಬೇಕು.

“ಏ ಅಜ್ಜಾ, ನಡಿ ಮುಂದ. ನಮ್ಮಪ್ಪ ಬಂದು ಕುಂತಾನಿಲ್ಲಿ,” ಎಂದ ಒಬ್ಬ.

“ಬಂದೀನಿ, ಬಂದ್ರೇನಾತು? ಅಜ್ಜಗ ಯಾಕ ಬೈತಿ? ನಿನಗ ಮೊದಲ ತಾಳ್ಮಿ ಇಲ್ಲ,” ಎಂದು ಅವನಪ್ಪನೂ ಹಿಂದಿನಿಂದ ಕೂಗಿದ.

ಒಂದು ಸ್ಕೂಟಿಯ ಮೇಲಿದ್ದ ಹೆಣ್ಣುಮಗಳು ಹೆಲ್ಮೆಟ್ಟಿನ ಗಾಜು ಕೆಳಗಿಳಿಸಿಕೊಂಡು ಕಲ್ಲಿನಂತೆ ಕೂತಿದ್ದಳು. ಅವಳ ಬೆನ್ನಹಿಂದೆ ಇಳಕಲ್ ಸೀರೆಯ ಮುದುಕಿಯೊಬ್ಬಳು, ಸೊಸೆಯ ಬೆನ್ನು ಇನ್ನೂ ಎಷ್ಟು ನೇರವಾಗಿದೆಯೆಂದು ಬಾಯಿತುಂಬ ಹೊಗಳುತ್ತಿದ್ದಳು. ಬಯ್ಯುವ ಅತ್ತೆಗಾದರೆ ಆ ಸೊಸೆ ಉತ್ತರ ಕೊಡುತ್ತಿದ್ದಳೇನೋ.

ಹಸಿರು ಬಿತ್ತು. ನನ್ನಾಕೆ ಬರಲಿಲ್ಲ.

ಮರುದಿನ ನಿಂತೆ, ಅದರ ಮರುದಿನವೂ ನಿಂತೆ. ಪ್ರತಿ ಸಲ ಉಸ್ತಾದರೇ. ಊರಿನ ಮಕ್ಕಳ ಅಂಗಿಗೆ ಕಾಲರು ಸೊಟ್ಟಗೆ ಕೂತಿರುವವರೆಗೆ ಅವರಿಗೆ ಶಾಂತಿಯಿಲ್ಲವೆಂದು ಕಾಣುತ್ತದೆ, ಅಂದಮೇಲೆ ಅವರಿಗೆ ಶಾಂತಿಯಿಲ್ಲ. ಒಂದು ದಿನ ಧೈರ್ಯಮಾಡಿ ಕೇಳಿದೆ:

“ಉಸ್ತಾದ್, ಅಲ್ಲಿ ನಮ್ಮನಿಯಾಕಿ ಎಲ್ಯರ ಕಾಣ್ತಾಳೇನ್ರಿ?”

“ಹೆಣ್ಣಮಕ್ಕಳ ಕಡೆ ನಾ ಕಣ್ಣೆತ್ತಿ ನೋಡಾವಲ್ಲ. ಬದುಕಿದ್ದಾಗ ನೋಡಿಲ್ಲ, ಈಗ ನೋಡ್ಲೇನು? ಹೆಣ್ಣಮಕ್ಕಳ ಸುದ್ದಿ ಹೆಣ್ಣಮಕ್ಕಳನ್ನ ಕೇಳು.”

ಊರು ತನ್ನ ತೀರ್ಮಾನ ಮಾಡಿಕೊಂಡಿತ್ತು. ಎಲ್ಲರ ಹೆಂಡಂದಿರೂ ಬರುತ್ತಾರೆ, ಗುರುಪಾದಪ್ಪನ ಹೆಂಡತಿ ಬರುವುದಿಲ್ಲ; ಅಂದರೆ ಮುನಿಸಿಕೊಂಡಿದ್ದಾಳೆ. ಗಂಟು ಹೊರಿಸಿ ಕಳಿಸಿದನಲ್ಲ, ಅದಕ್ಕೆ. ಇನ್ನು ಕೆಲವರು, ಮಂತ್ರವಿಲ್ಲದೆ ಹೋದ ಜೀವ ಸರ್ಕಲ್ಲಿನ ದಾರಿಯೂ ಸಿಗದೆ ತಿರುಗುತ್ತಿದೆ ಎಂದರು. ಕನಿಕರದಿಂದಲೇ ಅಂದರು, ಕನಿಕರದ ಮಾತು ಒಳಗೆ ಬಹಳ ದೂರ ಹೋಗುತ್ತದೆ.

ನಾನು ಮಠಕ್ಕೆ ಹೋಗಿ ಸ್ವಾಮಿಗಳಾದ ಗದಿಗೆಯ್ಯನವರ ಪಾದಕ್ಕೆ ಹಣೆ ಹಚ್ಚಿ ಎಲ್ಲ ಹೇಳಿಕೊಂಡೆ. ಅಯ್ಯನವರು ಕಣ್ಣು ಮುಚ್ಚಿ ಕೇಳಿ, ಆಮೇಲೆ ನಕ್ಕರು.

“ಗುರುಪಾದಪ್ಪ, ಲಿಂಗದೊಳಗ ಕೂಡಿದವರು ಮೊಪೆಡ್ಡಿನ ಹಿಂದಿನ ಸೀಟಿಗೆ ಯಾಕ ಬರ್ತಾರ? ಇಲ್ಲಿ ಗಂಟು ಉಳದವರು ಬರ್ತಾರ. ನಿನ್ನಾಕಿ ಬಂದಿಲ್ಲಂದ್ರ ಕೈಮುಗಿ, ಅಳಬ್ಯಾಡ. ಬಂದ್ರ ಅಳು.”

“ಖರೇ ಏನ್ರಿ ಅಪ್ಪಾರ?”

“ಶಾಸ್ತ್ರ ಸುಳ್ಳಾಡ್ತದೇನು?”

ಮಠದ ಕಾರು ಸಹ ಶಾಲೆ ಸರ್ಕಲ್ಲಿಗೆ ಬರುವುದಿಲ್ಲ. ಒಮ್ಮೆ ಅಲ್ಲಿ ನಿಂತಾಗ ಹಿಂದಿನ ಪೀಠದ ಹಿರಿಯ ಅಯ್ಯನವರು ಬಂದು ಕೂತು, ನಿತ್ಯದಾಸೋಹ ವಾರಕ್ಕೊಂದು ದಿನದ ದಾಸೋಹ ಆದದ್ದು ಯಾವಾಗ ಎಂದು ಕೇಳಿದರಂತೆ. ಹಿರಿಯ ಅಯ್ಯನವರು ಲಿಂಗದಲ್ಲಿ ಕೂಡಿದರೆಂದು ಊರೆಲ್ಲ ನಂಬಿ ಗದ್ದುಗೆ ಕಟ್ಟಿಸಿದೆ. ಆದ್ದರಿಂದ ಶಾಸ್ತ್ರ ಸುಳ್ಳಾಡದಿದ್ದರೂ, ನನಗೆ ಕಣ್ಣಿನಿಂದ ಕಂಡವರ ಸಾಕ್ಷಿ ಬೇಕಾಗಿತ್ತು.

ಹೆಂಗಸರ ಸುದ್ದಿ ಹೆಂಗಸರಿಗೆ ಗೊತ್ತು. ನನ್ನಾಕೆಯ ಜೀವದ ಗೆಳತಿ ಬಾಳವ್ವ, ಗೋಡೆಯಾಚೆಯ ಮನೆಯವಳು. ಆಕೆ ತೀರಿಕೊಂಡು ಕೆಲವು ವರ್ಷವಾಗಿತ್ತು. ತಪ್ಪದೆ ಸರ್ಕಲ್ಲಿಗೆ ಬರುವವರಲ್ಲಿ ಒಬ್ಬಳೆಂದು ಕೇಳಿದ್ದೆ. ಬರುತ್ತಿದ್ದುದು ಮಗನ ಹತ್ತಿರ, ಅವನು ಎಂದಾದರೂ ಮುಂದಿನ ಗಾಡಿಗೆ ಸಿಕ್ಕಿ ನಿಂತರೆ. ಆ ಮಗ ಅಡಿವೆಪ್ಪ.

ಅವನ ಮುಖ ನೋಡದೆ ನಾನು ದಿನ ಕಳೆಯುತ್ತಿದ್ದೆ. ಕ್ಷಮಿಸು ಎಂದು ದೇವರು ಹೇಳುತ್ತಾನೆ, ಸರಿ. ಆದರೆ ಅವನ ವ್ಯಾನಿನ ಸಪ್ಪಳ ಕೇಳಿದರೆ ನನ್ನ ಕಾಲು ಮಿಷನ್ನಿನ ಮೇಲೆ ನಿಂತುಬಿಡುತ್ತಿತ್ತು. ಜಾಮೀನಿನ ಮೇಲೆ ಬಂದ ಮೇಲೆ ಶಾಲೆಯವರು ಅವನನ್ನೇ ಮತ್ತೆ ಕರೆದಿದ್ದರು, ಯಾವ ಮಗು ಯಾವ ಬಾಗಿಲಿನದು ಎಂದು ಬೇರೆಯವರಿಗೆ ಗೊತ್ತಿರಲಿಲ್ಲ. ಅವನು ಈಗಲೂ ಕೆಂಪಿಗೆ ನಿಲ್ಲುತ್ತಿರಲಿಲ್ಲ. ಮೊದಲಿಗಿಂತ ಜೋರಾಗಿ ಹೋಗುತ್ತಿದ್ದ.

ಮಕ್ಕಳನ್ನು ಇಳಿಸಿ ವ್ಯಾನು ತೊಳೆಯುತ್ತಿದ್ದಾಗ ಅವನ ಹತ್ತಿರ ಹೋದೆ. ಅವನ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು.

“ಅಡಿವೆಪ್ಪಾ, ನನ್ನ ಗಾಡ್ಯಾಗ ಕುಂದರಿಸ್ಕೊಂಡು ಸರ್ಕಲ್ಲಿನ್ಯಾಗ ಒಮ್ಮಿ ನಿಂದರಬೇಕು.”

“ಕಾಕಾ, ಬ್ಯಾರೆ ಏನರ ಕೇಳ್ರಿ. ನಿಮ್ಮ ಅಂಗಡಿ ಕಸಾ ಹೊಡಿ ಅನ್ರಿ, ಹೊಡೀತೀನಿ.”

“ಕಸಾ ನಾ ಹೊಡ್ಕೋತೀನಿ. ನಿಮ್ಮವ್ವನ್ನ ಒಂದ ಮಾತು ಕೇಳೂದೈತಿ.”

“ಅವ್ವ ಬಂದ್ರ ತಡ್ಕೋತೀನ್ರಿ. ಬೈತಾಳ, ಬೈಲಿ. ಆದ್ರ ಈಗ ನಾ ನಿಂತೆ ಅಂದ್ರ ಅವ್ವ ಒಬ್ಬಾಕೆ ಬರೂದಿಲ್ಲ. ಚಿಗವ್ವನೂ ಬರ್ತಾರ. ಬಂದು ಏನೂ ಅನ್ನೂದಿಲ್ಲ ಅವರು. ‘ಉಂಡಿಯೇನೋ’ ಅಂತ ಕೇಳ್ತಾರ. ಅದನ್ನ ಹ್ಯಾಂಗ ತಡ್ಕೋಲಿ?”

ಅದು ನಿಜ. ಆಕೆ ಅದನ್ನೇ ಕೇಳುತ್ತಿದ್ದಳು. ನನಗೆ ಸಿಟ್ಟು ಬಂತು. ನನ್ನ ಹತ್ತಿರ ಬಾರದವಳು ಇವನ ಹತ್ತಿರ ಬಂದಾಳೆಂಬ ಸಿಟ್ಟು. ಸಿಟ್ಟಿನ ಬೆನ್ನಿಗೇ ಆಸೆಯೂ ಬಂತು.

“ಆಕಿ ಬರ್ಲಿ ಅಂತನ ನಾ ಬಂದೀನಿ. ಹತ್ತು,” ಎಂದೆ.

ವ್ಯಾನಿನ ಮುಂದಿನ ಸೀಟಿನಲ್ಲಿ ಕೂತೆ. ಸರ್ಕಲ್ಲು ಹತ್ತಿರವಾದಂತೆ ಅಡಿವೆಪ್ಪ ಗಾಡಿಯನ್ನು ನಿಧಾನ ಮಾಡಿದ. ಕೆಂಪು ಬಿತ್ತು. ಅವನು ಕಣ್ಣು ಮುಚ್ಚಿ ಬ್ರೇಕು ಒತ್ತಿದ. ಬ್ರೇಕು ಚೆನ್ನಾಗಿಯೇ ಹಿಡಿಯಿತು.

ನಮ್ಮಿಬ್ಬರ ನಡುವೆ ಇಂಜಿನ್ನಿನ ಡಬ್ಬಿಯ ಮೇಲೆ ಬಾಳವ್ವ ಕೂತಿದ್ದಳು. ಹಿಂದಿನ ಸೀಟಿನಿಂದ ಉಸ್ತಾದರು ಕೆಮ್ಮಿದರು. ಅಡಿವೆಪ್ಪ ಕಣ್ಣು ತೆರೆದು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ನೋಡಿದ. ಮತ್ತೆ ಯಾರೂ ಇರಲಿಲ್ಲ.

“ತಂಗಿ ಕಸ್ತೂರೀನ ಪಂಚಮಿಗೆ ಕರದಿಯೇನು?” ಎಂದಳು ಬಾಳವ್ವ.

“ಅವ್ವಾ, ಕಾಕಾ ಬಂದಾರ ನೋಡು.”

“ಕಂಡೀನಿ. ಕರದಿಯೇನು?”

“ಆಕಿ ಗಂಡ ನನ್ನ ವ್ಯಾನಿಗೆ ಕುರಿ ದೊಡ್ಡಿ ಅಂದಾನ. ಕರ್ಯಾಂಗಿಲ್ಲ.”

“ದೊಡ್ಡಿ ಅಂದ್ರ ಏನಾತು? ನೀ ಅವನ ಮೀಸಿಗೆ ಕಸಬರಗಿ ಅಂದಿಲ್ಲೇನು? ತವರಿನ ಜೋಕಾಲಿ ಕಾಣದ ಎಷ್ಟ ವರ್ಷ ಕುಂತಾಳ ಆಕಿ. ನಾ ಇದ್ದಿದ್ರ—”

“ನೀ ಇಲ್ಲಲ್ಲ.”

“ಇಲ್ಲಂತನ ಇಲ್ಲಿ ಡಬ್ಬಿ ಮ್ಯಾಲ ಬಂದು ಕುಂದರಾಕತ್ತೀನಿ. ಬಿಸಿ ಹತ್ತತೈತಿ ನೋಡು.”

ನಾನು ಬಾಯಿ ತೆರೆಯುವಷ್ಟರಲ್ಲಿ ಹಸಿರು ಬಿತ್ತು. ಡಬ್ಬಿ ಖಾಲಿಯಾಯಿತು. ಅಡಿವೆಪ್ಪ ಗಾಡಿ ಬಿಟ್ಟ. ಕೆರೆಯ ಕಡೆಯಿಂದ ಸುತ್ತುಹಾಕಿ ಮತ್ತೆ ಸರ್ಕಲ್ಲಿಗೆ ಬಂದೆವು. ಹಸಿರಿತ್ತು, ಹಾಗೆಯೇ ದಾಟಬೇಕಾಯಿತು. ಕೆಂಪಿಗಾಗಿ ಸುತ್ತು ಹಾಕಿದವರು ನಮ್ಮ ಊರಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಕೊನೆಗೆ ಕೆಂಪು ಸಿಕ್ಕಿತು. ಈ ಸಲ ಬಾಳವ್ವ ಸೆರಗು ಸರಿಮಾಡಿಕೊಳ್ಳುವ ಮೊದಲೇ ನಾನು ಕೇಳಿದೆ.

“ಬಾಳವ್ವಾ, ನಮ್ಮನಿಯಾಕಿ ಎಲ್ಲಿ ಅದಾಳ?”

ಬಾಳವ್ವ ಮೊದಲು ಸೆರಗು ಸರಿಮಾಡಿಕೊಂಡಳು.

“ಇಲ್ಲಿಗೆ ಬರಾಕ ಕಾಯ್ಕೊಂತ ಕುಂದರೋ ನಮ್ಮ ಸಾಲಿನ್ಯಾಗ ಆಕಿ ಇಲ್ಲ ಗುರುಪಾದಪ್ಪ. ಬಂದ ದಿನ ನೋಡೀನಿ. ಬರೇ ಕೈಲೆ ಬಂದ್ಲು, ಮಕ್ಕಳು ಶಾಲಿ ಬಿಟ್ಟಾಗ ಬರ್ತಾವಲ್ಲ, ಹಂಗ. ‘ನಿಂದರ ತಂಗಿ, ಇಲ್ಲಿ ಕುಂತ್ರ ಮನಿಯವರನ್ನ ನೋಡಾಕ ಬಿಡ್ತಾರ’ ಅಂದೆ. ‘ಹಿಂದ ಏನೂ ಉಳದಿಲ್ಲಕ್ಕ, ಎಲ್ಲಾ ಮುಗಿಸಿ ಬಂದೀನಿ’ ಅಂದ್ಲು. ಅಂದು ಸೀದಾ ಹೋಗಿಬಿಟ್ಲು.”

“ಮಂತ್ರಾ ಹೇಳಿರಲಿಲ್ಲ ಯಾರೂ.”

“ಯಾರ್ ಕೇಳಿದ್ರು ಅಲ್ಲಿ ಮಂತ್ರಾ? ನನ್ನ ಕಿವ್ಯಾಗ ಮೂರ್ ಮಂದಿ ಹೇಳಿದ್ರು. ನೋಡು, ಎಲ್ಲಿ ಕುಂತೀನಿ.”

ಹಿಂದೆ ಏನೂ ಉಳಿದಿಲ್ಲ. ನಾನು ಉಳಿದಿದ್ದೆನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಪರರ ಮನೆಯ ಹೆಣ್ಣುಮಗಳ ಮುಂದೆ ಅದನ್ನು ಆಡಬಾರದೆಂದು ನುಂಗಿದೆ.

ಅಡಿವೆಪ್ಪ ಸ್ಟೇರಿಂಗಿನ ಮೇಲೆ ತಲೆಯಿಟ್ಟ. “ನನ್ನ ಬಗ್ಗೆ ಏನರ ಅಂದ್ರೇನವ್ವಾ?”

“ನಿನ್ನ ಹೆಸರ ಸೈತ ತಗೀಲಿಲ್ಲ. ಏನೂ ಉಳದಿಲ್ಲ ಅಂದ್ರ ನೀನೂ ಉಳದಿಲ್ಲ.” ಆಮೇಲೆ ಬಾಳವ್ವ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. “ಒಂದ ಮಾತು. ಈ ದೀಪದ ಬುಡಕ ನಿಂತು ಆಕಿ ಹೆಸರ ಹಿಡದು ಕರೀಬ್ಯಾಡ. ಎಷ್ಟು ದೂರ ಹೋದಾಕಿನೂ ತಿರಗಬೇಕಾಗತೈತಿ. ಕಟ್ಟಿಕೊಂಡ ಗಂಡ ಕರದ್ರಂತೂ ಬರಲೇಬೇಕು. ಬಂದಮ್ಯಾಲ ಮತ್ತ ಹೋಗಾಕ ಹಾದಿ ಸಿಗೂದಿಲ್ಲ, ನಮ್ಮ ಸಾಲಿನ್ಯಾಗ ಕುಂದರಬೇಕು.”

ಹಸಿರು ಬಿತ್ತು.

ಈ ಕಡೆಯ ಹಳೆಯ ಮನೆತನಗಳಲ್ಲಿ ಗಂಡಹೆಂಡಿರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಆಕೆ ನನಗೆ “ಏನ್ರೀ” ಎನ್ನುತ್ತಿದ್ದಳು. ನಾನು “ಕೇಳ್ತೀಯೇನು” ಎನ್ನುತ್ತಿದ್ದೆ. ಮದುವೆಯಲ್ಲಿ ಮಾತ್ರ, ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳದೆ ಒಳಗೆ ಬಿಡೆವೆಂದು ಹಟ ಹಿಡಿದಾಗ, ಮೂಲಂಗಿಯೋ ಮೆಂತ್ಯವೋ ಏನನ್ನೋ ಪ್ರಾಸಕ್ಕೆ ಸೇರಿಸಿ ಆಕೆಯ ಹೆಸರನ್ನು ಹೇಳಿದ್ದೆ. ಎಲ್ಲರೂ ನಕ್ಕಿದ್ದರು, ಆಕೆ ಕೆಳಗೆ ನೋಡಿದ್ದಳು. ಅದಾದ ಮೇಲೆ ಆ ಹೆಸರು ನನ್ನ ಬಾಯಿಗೆ ಬಂದಿಲ್ಲ. ಇಷ್ಟು ವರ್ಷ ಮರ್ಯಾದೆಗೆಂದು ಪಾಲಿಸಿದ್ದನ್ನು ಇನ್ನು ಮುಂದೆ ಆಕೆಯ ಕಾವಲಿಗೆಂದು ಪಾಲಿಸಬೇಕಾಯಿತು. ಕೆಲಸ ಒಂದೇ, ಕಷ್ಟ ಬೇರೆ. ಆಕೆ ಒಳಗೆ ಅಡಿಗೆ ಮಾಡುತ್ತಿದ್ದಾಗ ಹೆಸರು ಕರೆಯದಿರುವುದು ದೊಡ್ಡ ಸಾಹಸವೇನೂ ಆಗಿರಲಿಲ್ಲ.

ಶ್ರಾವಣ ಬಂತು. ಅಡಿವೆಪ್ಪ ತಂಗಿಯ ಊರಿಗೆ ವ್ಯಾನು ತೆಗೆದುಕೊಂಡು ಹೋಗಿ, ಅವಳ ಗಂಡನ ಮುಂದೆ ತಾನೇ ತನ್ನ ಗಾಡಿಯನ್ನು ಕುರಿ ದೊಡ್ಡಿಯೆಂದು ಒಪ್ಪಿ, ಕಸ್ತೂರಿಯನ್ನು ಪಂಚಮಿಗೆ ಕರೆತಂದ. ಮನೆಯಲ್ಲಿ ಜೋಕಾಲಿ ಕಟ್ಟಿದರು. ನನಗೂ ಎಳ್ಳುಂಡಿ ಕಳಿಸಿದರು; ತಿಂದೆ. ಹಬ್ಬವಾದ ಎರಡು ದಿನಕ್ಕೆ ಅಡಿವೆಪ್ಪ ಅಂಗಡಿಗೆ ಬಂದು, ಕರೆಯದಿದ್ದರೂ ಸ್ಟೂಲಿನ ಮೇಲೆ ಕೂತ.

“ಕಾಕಾ, ಅವ್ವ ಬರಲಿಲ್ಲ.”

“ಎಲ್ಲಿ?”

“ಸರ್ಕಲ್ಲಿನ್ಯಾಗ. ಕಸ್ತೂರೀನ ಕುಂದರಿಸ್ಕೊಂಡು ಹೋಗಿ ನಿಂತಿದ್ದೆ. ಕರ್ಕೊಂಬಂದೀನಿ ನೋಡವ್ವ ಅಂತ ತೋರ್ಸಬೇಕಿತ್ತು. ಡಬ್ಬಿ ಖಾಲೀನ ಇತ್ತು. ನಿನ್ನೆ ನಿಂತೆ, ಇವತ್ತೂ ನಿಂತೆ. ಇಲ್ಲ.”

“ಒಳ್ಳೇದಾತಲ್ಲೋ, ಆಕಿ ಗಂಟು ಬಿಚ್ಚಿತು. ನೀ ಬೇಡಿದ್ದು ಅದನ ಅಲ್ಲೇನು?”

ಅವನು ಚೂರು ಬಟ್ಟೆಗಳನ್ನು ಕಾಲಿನಿಂದ ಕೂಡಿಸಿದ.

“ಕಸ್ತೂರಿ ಸಂಗಟ ಮತ್ತ ಒಂದ ಜಗಳಾ ತಗೀಲೇನ್ರಿ? ಸಣ್ಣದು,” ಎಂದ.

ನನಗೆ ನಗು ಬಂತು. ಆಕೆ ಹೋದ ಮೇಲೆ ಮೊದಲ ಸಲ ನಕ್ಕೆ, ಅದೂ ಅವನ ಮುಂದೆ. ಅವನಿಗೂ ನಗು ಬಂತು. ಇಬ್ಬರೂ ನಕ್ಕು, ಆಮೇಲೆ ಯಾರು ಮೊದಲು ಕಣ್ಣು ಒರೆಸಿಕೊಳ್ಳುವುದೆಂದು ತಿಳಿಯದೆ ಕೂತೆವು. ನಾನು ಅವನನ್ನು ಕ್ಷಮಿಸಿದೆನೆಂದು ಹೇಳಲಾರೆ. ಅವನಿಗೆ ಚಹಾ ತರಿಸಿದೆ.

ಅಂದಿನಿಂದ ಅಡಿವೆಪ್ಪ ಪ್ರತಿ ಕೆಂಪಿಗೂ ನಿಲ್ಲುತ್ತಾನೆ, ತಾಯಿ ಬಂದಾಳೆಂಬ ಆಸೆಯಿಂದ. ಅವಳು ಬರುವುದಿಲ್ಲ, ಮಕ್ಕಳ ಅಜ್ಜಿಯರು ಬರುತ್ತಾರೆ. ವ್ಯಾನು ತುಂಬಿಹೋಗುತ್ತದೆ. ಮಕ್ಕಳಿಗೆ ಸತ್ತ ಅಜ್ಜಿ, ಇದ್ದ ಅಜ್ಜಿ ಎಂಬ ಭೇದವಿಲ್ಲ; ಅಂಗಿಯ ಗುಂಡಿ ಹಾಕಿಸಿಕೊಂಡು, ಲೆಕ್ಕ ಹೇಳಿಸಿಕೊಂಡು ಇಳಿಯುತ್ತಾರೆ. ಈಗ ತಾಯಂದಿರ ದೂರು ಶುರುವಾಗಿದೆ. ಸೊಸೆಯ ಸಾರಿನಲ್ಲಿ ಉಪ್ಪು ಕಡಿಮೆಯೆಂದು ಅಜ್ಜಿ ಹೇಳಿಕಳಿಸಿದ್ದಾಳೆಂದು ಮಕ್ಕಳು ಮನೆಗೆ ಬಂದು ವರದಿ ಒಪ್ಪಿಸುತ್ತಾರಂತೆ. ವ್ಯಾನಿನವನು ಸಿಗ್ನಲ್ಲಿಗೆ ನಿಲ್ಲುತ್ತಾನೆ, ಕ್ರಮ ಕೈಗೊಳ್ಳಿರೆಂದು ಶಾಲೆಗೆ ಅರ್ಜಿ ಹೋಗಿದೆ. ದೊಡ್ಡ ಬಾಯಿಯವರು ಅದನ್ನು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿ ಓದಿದರಂತೆ. ಅದೇನೇ ಇರಲಿ, ವ್ಯಾನು ನಿಂತರೆ ಅದರ ಹಿಂದಿನವರಿಗೆ ದಾರಿಯಿಲ್ಲ. ಹಿಂದಿನವರೂ ನಿಲ್ಲುತ್ತಾರೆ, ಬೈಸಿಕೊಳ್ಳುತ್ತಾರೆ. ಮಕ್ಕಳು ಕೆಂಪಿನಲ್ಲಿ ದಾಟುವುದನ್ನು ಕಲಿಯುತ್ತಿದ್ದಾರೆ.

ನಾನೂ ಹೋಗುತ್ತೇನೆ. ಹೋಗಬೇಕಾದ ಕೆಲಸವಿಲ್ಲ; ಅಂಗಡಿ ಸರ್ಕಲ್ಲಿನ ಈಚೆಗೇ ಇದೆ. ಮೊಪೆಡ್ಡು ತೆಗೆದು ದೀಪದ ಬುಡಕ್ಕೆ ಹೋಗಿ ನಿಲ್ಲುತ್ತೇನೆ. ಇಂದು ಬೆಳಗ್ಗೆಯೂ ನಿಂತಿದ್ದೆ. ಉಸ್ತಾದರು ಬಂದು ಕೂತರು. ನನ್ನ ಕಾಜಾ ನೋಡಿದರು. ಆಮೇಲೆ ಅಂದರು:

“ಗುರುಪಾದಾ, ದಿನಾ ನಿಂತು ಹಿಂದ ತಿರುಗಿ ನೋಡ್ತಿ. ನನ್ನ ನೋಡಿ ಮಾರಿ ಸಣ್ಣದು ಮಾಡ್ತಿ. ನಾನೂ ಮನುಷ್ಯಾ ಇದ್ದಾವನ. ಒಮ್ಮಿ ಕರದುಬಿಡು ಆಕೀನ. ನಾ ಇಳೀತೀನಿ, ಜಾಗಾ ಬಿಡ್ತೀನಿ.”

“ಕರದ್ರ ಬರ್ತಾಳೇನ್ರಿ?”

“ನೀ ಕರದ್ರ ಬರದ ಇರ್ತಾಳೇನು?”

ಅವರು ಇಳಿದೇಬಿಟ್ಟರು. ಸೀಟು ಖಾಲಿಯಾಯಿತು. ನನ್ನ ಮುಂದೆ ಮಕ್ಕಳು ದಾಟುತ್ತಿದ್ದರು, ನಾನು ಹೊಲಿದ ಅಂಗಿಗಳಲ್ಲಿ. ಹೆಸರು ನನ್ನ ಗಂಟಲಿನವರೆಗೆ ಬಂತು. ಎರಡೂವರೆ ಅಕ್ಷರದ ಹೆಸರು. ಒಂದು ಉಸಿರು ಸಾಕು. ಬಂದರೆ ಆಕೆ ಸಿಟ್ಟಾಗುವವಳಲ್ಲ. “ಉಂಡ್ರೇನ್ರೀ” ಎನ್ನುತ್ತಾಳೆ. ಆಮೇಲೆ ಹಸಿರು ಬೀಳುತ್ತದೆ, ನಾನು ಅಂಗಡಿಗೆ ಹೋಗುತ್ತೇನೆ, ಆಕೆ ಆ ಸಾಲಿನಲ್ಲಿ ಹೋಗಿ ಕೂಡಬೇಕು, ನಾನು ಮರುದಿನ ಬರುವವರೆಗೆ. ನಾನು ಸತ್ತ ಮೇಲೆ ಯಾರು ಬರುವವರೆಗೆ?

ಎರಡೂ ಕೈಯಿಂದ ಹ್ಯಾಂಡಲ್ಲನ್ನು ಹಿಡಿದು, ಹಿಂದೆ ತಿರುಗದೆ, ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಬೇಡಿಕೊಂಡೆ. ಶಿವನೇ, ನಿನ್ನ ಹತ್ತಿರ ಬಂದಿರುವ ನನ್ನ ಮನೆಯವಳನ್ನು ಚೆನ್ನಾಗಿ ನೋಡಿಕೊ. ಇಲ್ಲಿ ಹೆಸರು ಹೇಳಲಾರೆ, ಯಾರೆಂದು ನಿನಗೆ ಗೊತ್ತು. ಆಕೆಗೆ ಸೊಂಟ ನೋವು, ಕೆಲಸ ಹಚ್ಚಬೇಡ. ಹಿಂದೆ ಏನೂ ಉಳಿದಿಲ್ಲವೆಂದು ಆಕೆ ಅಂದದ್ದು ಹಾಗೆಯೇ ಇರಲಿ. ನನ್ನ ನೆನಪು ಮಾಡಿಕೊಡಬೇಡ. ಆಕೆಯ ಆತ್ಮ ನಿನ್ನ ಪಾದದಲ್ಲಿ ತಣ್ಣಗಿರಲಿ. ನಾನು ಮುದುಕ, ಎಷ್ಟು ದಿನ ಬಾಯಿ ಬಿಗಿಹಿಡಿದೇನು. ಎಂದಾದರೊಂದು ದಿನ ಇಲ್ಲಿ ನಿಂತು ನಾನು ಕರೆದರೂ, ತಂದೆ, ಕಳಿಸಬೇಡ.